ಗುಡ್ಡದ ಮುಂಬಯಿ, ಕಡಲ ಮುಂಬಯಿ: ಎರಡು ಮಾಪಕಗಳ ನಡುವಿನ ಹವೆ

ಮುಂಬಯಿಯದು ಅಪ್ಪಟ ಕಡಲ ಹವೆ, ಬೇಸಿಗೆಯಲ್ಲಿ ಸೆಕೆಯಿದ್ದರೂ ಉರಿಯಿಲ್ಲ, ಚಳಿಗಾಲ ಹೆಸರಿಗೆ ಮಾತ್ರ, ಮಳೆಗಾಲವೊಂದೇ ಜೋರು ಎಂಬ ವಿವರಣೆ ಭೂಗೋಳದ ಪಾಠಗಳಲ್ಲೂ ಪತ್ರಿಕೆಗಳಲ್ಲೂ ಮತ್ತೆ ಮತ್ತೆ ಕಾಣುತ್ತದೆ. ದ್ವೀಪದ ತೆಂಕಣ ತುದಿಯ ಕೊಲಾಬಾದ ಮಟ್ಟಿಗೆ ಇದು ಸರಿ. ಬೊರಿವಲಿ, ಮುಲುಂಡ್, ಭಾಂಡುಪ್, ಪೊವಾಯಿಗಳ ಮಟ್ಟಿಗೆ ಅಷ್ಟು ಸರಿಯಲ್ಲ. ಪಶ್ಚಿಮ ಮತ್ತು ಪೂರ್ವ ಉಪನಗರಗಳ ನಡುವೆ ಸುಮಾರು 104 ಚದರ ಕಿ.ಮೀ. ಹರಡಿಕೊಂಡಿರುವ ಕಾಡುಗುಡ್ಡವಿದೆ. ಇಂದು ಅದರ ಹೆಸರು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಅದರ ನೆತ್ತಿ ಐನೂರು ಮೀಟರ್ ಮುಟ್ಟುವುದಿಲ್ಲ. ಅದರಿಂದಾಚೆ ಮೂಡಣಕ್ಕೆ ಮಾಥೆರಾನ್, ಇನ್ನೂ ಆಚೆಗೆ ಖಂಡಾಲಾ ಘಟ್ಟದ ಗೋಡೆ. ಉಪನಗರಗಳ ಹವೆ ಅರ್ಧ ಕಡಲಿನದು, ಅರ್ಧ ಈ ಗುಡ್ಡಗಳದ್ದು.

ಈ ಟಿಪ್ಪಣಿಯ ವಾದ ಸರಳವಾದದ್ದು. ಮುಂಬಯಿಯ ಹವೆಯ ಕುರಿತು ನಮಗಿರುವ ದೀರ್ಘ ದಾಖಲೆ ಕೊಲಾಬಾದ್ದು, ಆದರೆ ಮುಂಬಯಿಯ ಹೆಚ್ಚಿನ ಜನ ಬದುಕುವುದು ಕೊಲಾಬಾದ ಹವೆಯಲ್ಲಲ್ಲ. 2011ರ ಜನಗಣತಿಯಲ್ಲಿ ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 31 ಲಕ್ಷ, ಉಪನಗರ ಜಿಲ್ಲೆಯದು ಸುಮಾರು 94 ಲಕ್ಷ. ಎಂದರೆ ನಾಲ್ವರಲ್ಲಿ ಮೂವರು ಉಪನಗರದ ಸಾಂತಾಕ್ರೂಜ್ ಮಾಪಕದ ಕಡೆಯವರು. ದಾಖಲೆ ಒಂದು ಕಡೆ, ಜನವಸತಿ ಇನ್ನೊಂದು ಕಡೆ ಇರುವಾಗ ‘ಮುಂಬಯಿಯ ಮಳೆ ಇಷ್ಟು, ಸೆಕೆ ಇಷ್ಟು’ ಎಂದು ಒಂದೇ ಅಂಕಿ ಬರೆದರೆ ಅದು ಯಾರ ಮನೆಯ ಮೇಲಿನ ಲೆಕ್ಕ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಮೊದಲು ಕೊಲಾಬಾದ ವಿಚಾರ. ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಅಲ್ಲಿ ವೀಕ್ಷಣಾಲಯ ಕಟ್ಟಿಸಿದ್ದು ಹವೆಗಾಗಿ ಅಲ್ಲ, ನಕ್ಷತ್ರ ನೋಡಿ ಹಡಗುಗಳಿಗೆ ಹೊತ್ತು ತಿಳಿಸಲಿಕ್ಕಾಗಿ. 1841ರ ಸುಮಾರಿಗೆ ಭೂಕಾಂತತೆ ಮತ್ತು ಹವೆಯ ಅವಲೋಕನಗಳು ಕ್ರಮವಾಗಿ ಆರಂಭವಾದವು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ. ಕೊಲಾಬಾದ ಪುಸ್ತಕಗಳು ಅದಕ್ಕಿಂತ ಹಿರಿಯವು. 1896ರಲ್ಲಿ ನಾನಾಭಾಯ್ ಫ್ರಾಮ್‌ಜಿ ಮೂಸ್ ಅದರ ಮೊದಲ ಭಾರತೀಯ ನಿರ್ದೇಶಕರಾದರು. ದ್ವೀಪದ ತೆಂಕಣ ತುದಿಯಲ್ಲಿ, ಎರಡೂ ಬದಿಗೆ ನೀರಿರುವ ಸಣ್ಣ ನೆಲದ ನಾಲಿಗೆಯ ಮೇಲೆ ಈ ಮಾಪಕ ನಿಂತಿದೆ. ಆ ಕಾಲಕ್ಕೆ ‘ಬೊಂಬಾಯಿ’ ಎಂದರೆ ಆ ದ್ವೀಪವೇ ಆಗಿದ್ದರಿಂದ ಮಾಪಕಕ್ಕೂ ಊರಿಗೂ ಹೊಂದಾಣಿಕೆಯಿತ್ತು. 1950ರಲ್ಲಿ ಮತ್ತು ಅನಂತರ 1957ರಲ್ಲಿ ಪಾಲಿಕೆಯ ಎಲ್ಲೆ ಬಡಗಣಕ್ಕೆ ಹಿಗ್ಗಿ ದಹಿಸರ್, ಮುಲುಂಡ್‌ಗಳವರೆಗೆ ಹೋಯಿತು. ಗುಡ್ಡ ಊರೊಳಗೆ ಬಂದದ್ದು ಆಗ. ಹಳೆಯ ಗ್ಯಾಸೆಟಿಯರುಗಳಲ್ಲಿರುವ ಮುಂಬಯಿಯ ಮಳೆಯ ಸರಾಸರಿಯನ್ನು ಇಂದಿನ ಬೃಹನ್ಮುಂಬಯಿಗೆ ಹಚ್ಚುವವರು ಈ ಎಲ್ಲೆಯ ಬದಲಾವಣೆಯನ್ನು ಮರೆಯುತ್ತಾರೆ. ಹೆಸರು ಒಂದೇ ಆದರೂ ನೆಲ ಬೇರೆ.

ಎರಡನೆಯ ಮಾಪಕ ಸಾಂತಾಕ್ರೂಜ್ ವಿಮಾನ ನಿಲ್ದಾಣದ್ದು. ಕೊಲಾಬಾದಿಂದ ಕಾಗೆ ಹಾರುವ ದಾರಿಯಲ್ಲಿ ಸುಮಾರು ಇಪ್ಪತ್ತೈದು ಕಿ.ಮೀ. ಬಡಗಣಕ್ಕಿರುವ ಈ ಜಾಗದಿಂದ ಪಡುವಣದ ಕಡಲು ಕೆಲವೇ ಕಿ.ಮೀ. ದೂರ. ಈಶಾನ್ಯದಲ್ಲಿ ವಿಹಾರ ಕೆರೆಯ ಗುಡ್ಡಗಳೂ ದೂರವಿಲ್ಲ. ಅದರ ದಾಖಲೆಯ ವಯಸ್ಸು ಕಡಿಮೆ, ಹೆಚ್ಚೆಂದರೆ ಮೂರು ತಲೆಮಾರಿನದು. ಆದರೆ ಅದು ಕೊಲಾಬಾಕ್ಕಿಂತ ಹೆಚ್ಚು ಮುಂಬಯಿಗರ ಪರವಾಗಿ ಮಾತಾಡುತ್ತದೆ.

ಎರಡರ ವ್ಯತ್ಯಾಸ ಚೆನ್ನಾಗಿ ಕಾಣುವುದು ಮಳೆಯಲ್ಲಲ್ಲ, ಚಳಿಯಲ್ಲಿ. 1962ರ ಜನವರಿ 22ರ ಬೆಳಗು ಸಾಂತಾಕ್ರೂಜ್‌ನಲ್ಲಿ 7.4 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅದೇ ಬೆಳಗು ಕೊಲಾಬಾದಲ್ಲಿ 11.7. ಎರಡೂ ಕಡೆ ಅದೇ ಈವರೆಗಿನ ಕನಿಷ್ಠ. ಒಂದೇ ಶೀತಗಾಳಿ, ಒಂದೇ ರಾತ್ರಿ, ನಾಲ್ಕು ಡಿಗ್ರಿಗೂ ಮಿಕ್ಕಿದ ಅಂತರ. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಜನವರಿಯಲ್ಲೂ ಅರಬ್ಬಿ ಕಡಲಿನ ಮೇಲ್ನೀರು ಇಪ್ಪತ್ತನಾಲ್ಕು-ಇಪ್ಪತ್ತೈದು ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಕೊಲಾಬಾವನ್ನು ಆ ನೀರು ಸುತ್ತುವರಿದಿರುವುದರಿಂದ ರಾತ್ರಿ ಎಷ್ಟೇ ತಿಳಿಯಾಗಿದ್ದರೂ ನೆಲ ತನ್ನ ಬಿಸಿಯನ್ನು ಪೂರ್ತಿ ಬಿಟ್ಟುಕೊಡುವಂತಿಲ್ಲ. ಸಾಂತಾಕ್ರೂಜ್‌ನಲ್ಲಿ ರಾತ್ರಿಯ ಗಾಳಿ ಮೂಡಣದಿಂದ, ಎಂದರೆ ನೆಲದ ಕಡೆಯಿಂದ ಬರುತ್ತದೆ. ಮೋಡವಿಲ್ಲದ ಆಕಾಶಕ್ಕೆ ಬಯಲು ನೆಲ ಬಿಸಿ ಕಳೆದುಕೊಂಡು ತಣ್ಣಗಾಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ತಂಪಾದ ಗಾಳಿ ಭಾರವಾಗಿ ತಗ್ಗಿಗೆ ಜಾರುವುದರಿಂದ ಆರೆ ಕಾಲನಿ, ಬೊರಿವಲಿಯ ಕಾಡಂಚು, ಪೊವಾಯಿಯ ತಗ್ಗುಗಳು ಸಾಂತಾಕ್ರೂಜ್‌ಗಿಂತಲೂ ತಣ್ಣಗಿರುವ ಬೆಳಗುಗಳುಂಟು. ಸಾಮಾನ್ಯ ಜನವರಿಯಲ್ಲಿ ಕೊಲಾಬಾದ ಕನಿಷ್ಠ ಉಷ್ಣಾಂಶ ಹತ್ತೊಂಬತ್ತರ ಸುಮಾರು, ಸಾಂತಾಕ್ರೂಜ್‌ನದು ಹದಿನಾರು-ಹದಿನೇಳು. ಚರ್ಚ್‌ಗೇಟಿನ ಕಚೇರಿಗೆ ಸ್ವೆಟರ್ ಹಾಕಿಕೊಂಡು ಬರುವ ಬೊರಿವಲಿಯವನನ್ನು ಫೋರ್ಟಿನವರು ವಿಚಿತ್ರವಾಗಿ ನೋಡುವುದಕ್ಕೆ ಈ ಅಂಕಿಗಳೇ ಉತ್ತರ. ಅವನು ಮನೆ ಬಿಟ್ಟ ಊರಿನಲ್ಲಿ ನಿಜಕ್ಕೂ ಚಳಿಯಿತ್ತು.

ಬೇಸಿಗೆಯದೂ ಇದೇ ಕಥೆ, ದಿಕ್ಕು ಮಾತ್ರ ಬೇರೆ. ಸಾಂತಾಕ್ರೂಜ್‌ನ ಗರಿಷ್ಠ ದಾಖಲೆ 1952ರ ಏಪ್ರಿಲ್ 14ರದು, 42.2 ಡಿಗ್ರಿ. ಮಾರ್ಚ್ ತಿಂಗಳ ದಾಖಲೆ 1956ರ ಮಾರ್ಚ್ 28ರದು, 41.7. 2011ರ ಮಾರ್ಚ್ 17ರಂದು ಉಷ್ಣಾಂಶ 41 ದಾಟಿ ಆ ದಾಖಲೆಯ ಹತ್ತಿರ ಬಂತು. ಕಡಲಿನ ಬದಿಯ ಊರಿಗೆ ಇಷ್ಟು ಉರಿ ಎಲ್ಲಿಂದ? ಉತ್ತರ ಕಡಲ ಗಾಳಿ ಹೊರಡುವ ಹೊತ್ತಿನಲ್ಲಿದೆ. ಚಳಿಗಾಲ ಮುಗಿದು ಬೇಸಿಗೆ ಆರಂಭವಾಗುವ ಫೆಬ್ರವರಿ-ಮಾರ್ಚ್‌ಗಳಲ್ಲಿ ಬೆಳಗಿನ ಗಾಳಿ ದಖ್ಖನ್ ಪ್ರಸ್ಥಭೂಮಿಯ ಕಡೆಯಿಂದ ಘಟ್ಟ ಇಳಿದು ಬರುತ್ತದೆ. ಇಳಿಯುವ ಒಣಗಾಳಿ ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಷ್ಟು ಬಿಸಿಯಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಹನ್ನೊಂದು-ಹನ್ನೆರಡು ಗಂಟೆಗೆ ಕಡಲ ಗಾಳಿ ಎದ್ದು ಅದನ್ನು ಹಿಂದಕ್ಕೆ ತಳ್ಳುತ್ತದೆ. ಮೂಡಣ ಗಾಳಿ ಬಲವಾಗಿರುವ ದಿನ ಕಡಲ ಗಾಳಿ ಎರಡು ಗಂಟೆಯಾದರೂ ಒಳಕ್ಕೆ ಬಾರದು. ಆ ಎರಡು-ಮೂರು ತಾಸಿನ ತಡವೇ ಮೂವತ್ತನಾಲ್ಕನ್ನು ನಲವತ್ತಕ್ಕೆ ಏರಿಸುತ್ತದೆ. ಕೊಲಾಬಾಕ್ಕೆ ಕಡಲ ಗಾಳಿ ಮೊದಲು ಮುಟ್ಟುತ್ತದೆ, ಕುರ್ಲಾ-ಮುಲುಂಡ್‌ಗಳಿಗೆ ಕೊನೆಗೆ. ಠಾಣೆ, ಕಲ್ಯಾಣ, ಬದ್ಲಾಪುರದ ಕಡೆ ಮಧ್ಯಾಹ್ನದ ಉರಿ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿಗೆ ತಲುಪುವಷ್ಟರಲ್ಲಿ ಕಡಲ ಗಾಳಿಯ ಕಸುವು ಇಳಿದಿರುತ್ತದೆ. ಡೊಂಬಿವಲಿಯಲ್ಲಿ ಮನೆ ಮಾಡಿದ ನಮ್ಮ ಕಡೆಯವರು ಊರಿಗೆ ಪತ್ರ ಬರೆಯುವಾಗ ಮುಂಬಯಿಯಲ್ಲಿ ಭಾರೀ ಸೆಕೆ ಎಂದು ಬರೆದರೆ ಅವರು ಹೇಳುತ್ತಿರುವುದು ಒಳನಾಡಿನ, ಘಟ್ಟದ ಬುಡದ ಊರಿನ ಸೆಕೆಯ ವಿಚಾರ. ಮರೀನ್ ಡ್ರೈವಿನ ಸೆಕೆ ಬೇರೆಯದು. ಅಲ್ಲಿ ಪಾದರಸ ಕಡಿಮೆ, ಬೆವರು ಜಾಸ್ತಿ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಕೊಲಾಬಾದ ವಾಡಿಕೆ ಮಳೆ ಸುಮಾರು 2,100 ಮಿ.ಮೀ., ಸಾಂತಾಕ್ರೂಜ್‌ನದು ಸುಮಾರು 2,300. ಋತುವಿನ ಲೆಕ್ಕದಲ್ಲಿ ಅಂತರ ಹತ್ತರಲ್ಲೊಂದು ಪಾಲು. ಇದನ್ನು ನೋಡಿ ಎರಡೂ ಒಂದೇ ಎಂದು ಹೇಳುವವರಿದ್ದಾರೆ. ಅದು ಅವಸರದ ತೀರ್ಮಾನ. ಸರಾಸರಿಯಲ್ಲಿ ಹತ್ತಿರವಿರುವ ಎರಡು ಮಾಪಕಗಳು ಒಂದೊಂದು ದಿನದ ಲೆಕ್ಕದಲ್ಲಿ ಹತ್ತು ಪಟ್ಟು ದೂರವಾಗಬಲ್ಲವು, ಊರು ಮುಳುಗುವುದೂ ಆ ದಿನಗಳಲ್ಲೇ.

2005ರ ಜುಲೈ 26 ಅಂಥದೊಂದು ದಿನ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿ.ಮೀ. ಮಳೆ. ಗುಡ್ಡದ ಮಡಿಲಿನ ವಿಹಾರ ಕೆರೆಯ ಮಾಪಕದಲ್ಲಿ ಸಾವಿರ ಮಿ.ಮೀ. ದಾಟಿತು. ಕೊಲಾಬಾದಲ್ಲಿ 73 ಮಿ.ಮೀ. ಚಿಲ್ಲರೆ, ಜುಲೈ ತಿಂಗಳ ಯಾವುದೇ ಒಂದು ಮಳೆದಿನದಂತೆ. ಫೋರ್ಟಿನಲ್ಲಿ ಕೆಲಸಕ್ಕಿದ್ದವರಿಗೆ ಸಂಜೆಯವರೆಗೂ ಉಪನಗರದಲ್ಲಿ ಏನಾಗುತ್ತಿದೆ ಎಂಬ ಕಲ್ಪನೆ ಬರದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅವರ ತಲೆಯ ಮೇಲಿನ ಆಕಾಶದಲ್ಲಿ ಅದರ ಸುಳಿವೇ ಇರಲಿಲ್ಲ. ಮಧ್ಯಾಹ್ನ ಎರಡೂವರೆಯ ನಂತರದ ಒಂದೇ ಗಂಟೆಯಲ್ಲಿ ಸಾಂತಾಕ್ರೂಜ್‌ನಲ್ಲಿ ಸುರಿದದ್ದು 190 ಮಿ.ಮೀ. ನಗರದ ಹಳೆಯ ಮಳೆನೀರು ಚರಂಡಿಗಳನ್ನು ಗಂಟೆಗೆ 25 ಮಿ.ಮೀ. ಲೆಕ್ಕದಲ್ಲಿ ಕಟ್ಟಲಾಗಿತ್ತು. ಚರಂಡಿ ಸುಧಾರಣೆಯ ಕುರಿತ 1993ರ ಬ್ರಿಮ್‌ಸ್ಟೋವಾಡ್ ವರದಿ ಅದನ್ನು 50ಕ್ಕೆ ಏರಿಸಬೇಕೆಂದು ಹೇಳಿ ಹನ್ನೆರಡು ವರ್ಷವಾಗಿತ್ತು. ಅದೇ ಮಧ್ಯಾಹ್ನ ಕಡಲಿನಲ್ಲಿ ದೊಡ್ಡ ಭರತ. ವಿಹಾರ ಮತ್ತು ಪೊವಾಯಿ ಕೆರೆಗಳ ಕೋಡಿ ನೀರಿನಿಂದ ಹುಟ್ಟಿ ಸುಮಾರು ಹದಿನೆಂಟು ಕಿ.ಮೀ. ಹರಿದು ಮಾಹಿಮ್ ಕೊಲ್ಲಿ ಸೇರುವ ಮಿಠಿ ನದಿಗೆ ಹೊರಬೀಳುವ ಬಾಯಿಯೇ ಮುಚ್ಚಿದಂತಾಯಿತು. ಮುಂಬಯಿಯೊಂದರಲ್ಲೇ ನಾನೂರಕ್ಕೂ ಹೆಚ್ಚು ಜನ ಸತ್ತರು. ಸಾಕಿನಾಕಾದಲ್ಲಿ ಗುಡ್ಡ ಕುಸಿದು ಮಣ್ಣಡಿಗೆ ಸಿಕ್ಕವರೂ ಆ ಲೆಕ್ಕದಲ್ಲಿದ್ದಾರೆ.

ಇಲ್ಲಿ ಅಳತೆಯ ಕ್ರಮದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಬಹಳ ಬರಹಗಳು ಎಡವುವುದು ಇಲ್ಲೇ. ನಮ್ಮ ದೇಶದಲ್ಲಿ ದಿನದ ಮಳೆಯನ್ನು ಅಳೆಯುವುದು ಬೆಳಗ್ಗೆ ಎಂಟೂವರೆಗೆ. ನಿನ್ನೆಯ ಎಂಟೂವರೆಯಿಂದ ಇಂದಿನ ಎಂಟೂವರೆಯವರೆಗೆ ಮಾಪಕದೊಳಗೆ ಕೂಡಿದ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡಿ, ಅಂಕಿಯನ್ನು ಇಂದಿನ ತಾರೀಖಿನ ಎದುರು ಬರೆಯುತ್ತಾರೆ. ಆದ್ದರಿಂದ 26ರ ಮಧ್ಯಾಹ್ನ ಸುರಿದ ಮಳೆ ಇಲಾಖೆಯ ಪುಸ್ತಕದಲ್ಲಿ ಜುಲೈ 27ರ ಮಳೆ. ಜನರ ನೆನಪು 26ನ್ನು ಹೇಳುತ್ತದೆ, ಕೋಷ್ಟಕ 27ನ್ನು ಹೇಳುತ್ತದೆ, ಎರಡೂ ಸರಿ. ಆದರೆ ಕೋಷ್ಟಕದಿಂದ ತಾರೀಖು ತೆಗೆದು ಆ ತಾರೀಖಿನ ಪತ್ರಿಕೆಯಲ್ಲಿ ಸುದ್ದಿ ಹುಡುಕುವ ಸಂಶೋಧಕ ಒಂದು ದಿನ ತಪ್ಪಿಹೋಗುತ್ತಾನೆ. ಮಾತ್ರವಲ್ಲ, ಎಂಟೂವರೆಯ ಗೆರೆ ಒಂದೇ ಮಳೆಯನ್ನು ನಡುವೆ ಸೀಳಿದರೆ ಎರಡು ಸಾಧಾರಣ ದಿನಗಳು ಸಿಗುತ್ತವೆ, ಒಂದು ಅಸಾಧಾರಣ ಮಳೆ ಕಾಣೆಯಾಗುತ್ತದೆ. ಪಾಲಿಕೆಯ ಅಂಕಿ ಮತ್ತು ಇಲಾಖೆಯ ಅಂಕಿ ಹೊಂದದಿರುವುದಕ್ಕೂ ಅನೇಕ ಸಲ ಕಾರಣ ಇಷ್ಟೇ: ಒಬ್ಬರು ಲೆಕ್ಕ ಹಿಡಿದ ಗಂಟೆಗಳು ಬೇರೆ, ಇನ್ನೊಬ್ಬರದು ಬೇರೆ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತಾರಸಿಯ ಮೇಲೆ 944 ಮಿ.ಮೀ. ಎಂದರೆ 94,400 ಲೀಟರ್, ಸಾಧಾರಣ ಟ್ಯಾಂಕರ್‌ಗಳಲ್ಲಿ ಒಂಬತ್ತು-ಹತ್ತು. ಕಲಿನಾ, ಕುರ್ಲಾಗಳ ಒಂದೊಂದು ಕಟ್ಟಡದ ಮೇಲೂ ಆ ದಿನ ಅಷ್ಟು ನೀರು ಇಳಿಯಿತು.

ಆ ಮಳೆ ಗುಡ್ಡದಿಂದಲೇ ಆಯಿತೇ? ಹಾಗೆ ಹೇಳಲು ಆಧಾರ ಸಾಲದು. ಹವಾಮಾನ ಇಲಾಖೆಯ ಆರ್.ಕೆ. ಜೇನಮಣಿ ಮತ್ತು ಸಂಗಡಿಗರು 2006ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ಘಟನೆಯನ್ನು ವಿವರವಾಗಿ ವಿಶ್ಲೇಷಿಸಿದರು. ಬಂಗಾಳ ಕೊಲ್ಲಿಯ ಕಡೆಯ ವಾಯುಭಾರ ಕುಸಿತ, ಪಶ್ಚಿಮ ಕರಾವಳಿಯ ಉದ್ದಕ್ಕೂ ಹಬ್ಬಿದ ಕಡಿಮೆ ಒತ್ತಡದ ಪಟ್ಟಿ, ಉಪನಗರದ ಮೇಲೆಯೇ ಬೆಳೆದು ಅಲ್ಲೇ ನಿಂತ ಎತ್ತರದ ಗುಡುಗು ಮೋಡ, ಹೀಗೆ ಹಲವು ಸಂಗತಿಗಳು ಒಟ್ಟಿಗೆ ಕೂಡಿದ್ದವು. ನಾನೂರು ಚಿಲ್ಲರೆ ಮೀಟರಿನ ಗುಡ್ಡ ಹದಿನೈದು ಕಿ.ಮೀ. ಎತ್ತರದ ಮೋಡವನ್ನು ತಾನಾಗಿ ಸೃಷ್ಟಿಸಲಾರದು. ಆದರೆ ಗುಡ್ಡಕ್ಕೆ ಬೇರೆಯೇ ಒಂದು ಕೆಲಸವಿದೆ. ಮುಂಗಾರಿನ ತೇವ ತುಂಬಿದ ಗಾಳಿಯನ್ನು ಕೆಲವು ನೂರು ಮೀಟರ್ ಎತ್ತಿದರೂ ಸಾಕು, ಅದರಲ್ಲಿ ತೆಳ್ಳಗಿನ ಕೆಳಮೋಡ ಕಟ್ಟುತ್ತದೆ. ಮಳೆಗಾಲದಲ್ಲಿ ಬೊರಿವಲಿ ಸ್ಟೇಷನ್ನಿನ ಮೇಲ್ಸೇತುವೆಯಿಂದ ಮೂಡಣಕ್ಕೆ ನೋಡಿದರೆ ಗುಡ್ಡದ ನೆತ್ತಿ ಮುಚ್ಚಿ ಹೋಗಿರುವುದು ಈ ಮೋಡದಿಂದ. ತಾನಾಗಿ ಅದು ತುಂತುರಿಗಿಂತ ಹೆಚ್ಚು ಸುರಿಸದು. ಆದರೆ ಮೇಲಿನ ದಪ್ಪ ಮೋಡದಿಂದ ಬೀಳುವ ಹನಿಗಳು ಈ ಕೆಳಮೋಡದೊಳಗೆ ಹಾದು ಬರುವಾಗ ಅದರ ಸಣ್ಣ ಕಣಗಳನ್ನು ಕೂಡಿಸಿಕೊಂಡು ದಪ್ಪವಾಗುತ್ತವೆ. ಎಂದರೆ ಗುಡ್ಡ ಮಳೆಯನ್ನು ಹುಟ್ಟಿಸುವುದಕ್ಕಿಂತ ಬರುತ್ತಿರುವ ಮಳೆಯನ್ನು ಹೆಚ್ಚಿಸುತ್ತದೆ. ಸಣ್ಣ ಗುಡ್ಡಗಳ ಮೇಲೂ ಬಯಲಿಗಿಂತ ಹೆಚ್ಚು ಮಳೆ ಏಕೆ ಎಂಬುದಕ್ಕೆ ಹವಾಮಾನ ವಿಜ್ಞಾನ ಕೊಡುವ ವಿವರಣೆ ಇದು, ಮುಂಬಯಿಗೆ ಇದು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ.

ದೊಡ್ಡ ಘಟ್ಟ ಮಾಡುವ ಕೆಲಸ ಕರಾವಳಿ ಕನ್ನಡಿಗರಿಗೆ ಹೊಸದಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಮೇಲೆ, ಘಟ್ಟದ ಅಂಚಿನ ಆಗುಂಬೆಯಲ್ಲಿ ಏಳು ಸಾವಿರಕ್ಕೂ ಮೇಲೆ, ಘಟ್ಟ ದಾಟಿ ಬಯಲುಸೀಮೆಗೆ ಹೋದರೆ ಅದರ ಹತ್ತರಲ್ಲೊಂದು ಪಾಲು. ಮುಂಬಯಿಯ ರೇಖೆಯಲ್ಲೂ ಅದೇ ಏರಿಳಿತ: ಮಾಥೆರಾನ್‌ನಲ್ಲಿ ಐದು ಸಾವಿರದ ಆಸುಪಾಸು, ಖಂಡಾಲಾದಲ್ಲೂ ನಾಲ್ಕು ಸಾವಿರ ಮೀರಿ, ಪುಣೆಗಿಳಿದರೆ ಏಳುನೂರರ ಸುಮಾರು. ವ್ಯತ್ಯಾಸವೊಂದಿದೆ. ಉಡುಪಿಯಲ್ಲಿ ಘಟ್ಟ ಕಡಲಿಗೆ ಹತ್ತಿರ. ಮುಂಬಯಿಯಲ್ಲಿ ಮುಖ್ಯ ಗೋಡೆ ಅರವತ್ತು ಕಿ.ಮೀ.ಗೂ ಆಚೆ, ನಡುವೆ ಬಿಡಿ ಗುಡ್ಡಗಳು. ಊರಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಮಳೆ ಬರುತ್ತದೆ, ಆದರೂ ಹೀಗೆ ಮುಳುಗುವುದಿಲ್ಲವಲ್ಲ ಎಂದು ನಮ್ಮವರು ಹೇಳುವ ಮಾತು ಸತ್ಯವೇ. ಅಲ್ಲಿ ನೀರಿಗೆ ಇಳಿಜಾರುಂಟು, ಹೊಳೆಯುಂಟು, ಗದ್ದೆಯುಂಟು. ಇಲ್ಲಿ ಗುಡ್ಡದಿಂದ ಇಳಿದ ನೀರು ಕಡಲಿನಿಂದ ಗೆದ್ದುಕೊಂಡ ಸಮತಟ್ಟು ನೆಲದಲ್ಲಿ ಬಂದು ನಿಲ್ಲುತ್ತದೆ.

ಗುಡ್ಡದ ಪಕ್ಕದ ಮಾಪಕವೇ ಯಾವಾಗಲೂ ಮುಂದೆ ಎಂದು ನಿಯಮ ಕಟ್ಟುವುದೂ ಬೇಡ. 2019ರ ಜುಲೈ 2ರ ಬೆಳಗ್ಗೆ ಸಾಂತಾಕ್ರೂಜ್ ಸುಮಾರು 375, ಕೊಲಾಬಾ ಸುಮಾರು 138; ಇದು ನಿರೀಕ್ಷಿತ ದಿಕ್ಕಿನದು. ಆದರೆ 2020ರ ಆಗಸ್ಟ್ 5ರಂದು ತಲೆಕೆಳಗಾಯಿತು. ಗಂಟೆಗೆ ನೂರು ಕಿ.ಮೀ. ಮೀರಿದ ಬಿರುಗಾಳಿಯೊಂದಿಗೆ ಕೊಲಾಬಾದಲ್ಲಿ ಸುಮಾರು 330 ಮಿ.ಮೀ. ಸುರಿದಾಗ ಸಾಂತಾಕ್ರೂಜ್‌ನಲ್ಲಿ ಅದರ ಅರ್ಧ. ಕೊಲಾಬಾದ ಒಂದು ದಿನದ ದಾಖಲೆ 1974ರ ಜುಲೈ 5ರ 575.6 ಮಿ.ಮೀ., ಅದೇನು ಸಣ್ಣದಲ್ಲ. ಗಾಳಿ ನೈಋತ್ಯದಿಂದ ಜೋರಾಗಿ ಬೀಸಿ ಮೋಡ ಕಡಲಂಚಿನಲ್ಲೇ ಕಟ್ಟಿದರೆ ಗುಡ್ಡದವರೆಗೆ ಬರುವಷ್ಟರಲ್ಲಿ ಸರಕು ಖಾಲಿ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಯಾವ ಮಾಪಕ ದೊಡ್ಡದು ಎಂಬುದಲ್ಲ. ಯಾವ ಬಗೆಯ ದಿನ ಯಾವುದು ಮುಂದಾಗುತ್ತದೆ ಎಂದು ಕೇಳಬೇಕು. ಎಷ್ಟೋ ದಶಕಗಳ ಜೋಡಿ ಅಂಕಿಗಳು ಇಲಾಖೆಯ ಬಳಿ ಇರುವಾಗ, ಗಾಳಿಯ ದಿಕ್ಕಿನ ಪ್ರಕಾರ ದಿನಗಳನ್ನು ವಿಂಗಡಿಸಿ ನೋಡುವ ಕೆಲಸ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಗೂ ಸಾಧ್ಯವಾದದ್ದು.

ಗುಡ್ಡ ನೀರನ್ನು ಕೂಡಿಸುವಂತೆ ಮಣ್ಣನ್ನೂ ಇಳಿಸುತ್ತದೆ. 2000ದ ಜುಲೈಯಲ್ಲಿ ಘಾಟ್ಕೋಪರ್, 2005ರಲ್ಲಿ ಸಾಕಿನಾಕಾ, 2021ರ ಜುಲೈ 18ರ ನಸುಕಿನಲ್ಲಿ ಚೆಂಬೂರಿನ ಮಾಹುಲ್ ಕಡೆ ಮತ್ತು ವಿಕ್ರೋಲಿಯಲ್ಲಿ ಕುಸಿತಗಳಾದವು. 2021ರ ಆ ರಾತ್ರಿ ಭಾಂಡುಪ್‌ನ ನೀರು ಶುದ್ಧೀಕರಣ ಸಂಕೀರ್ಣಕ್ಕೇ ಮಳೆನೀರು ನುಗ್ಗಿ ನಗರದ ಬಹುಭಾಗಕ್ಕೆ ಕುಡಿಯುವ ನೀರು ನಿಂತಿತು. ಇವೆಲ್ಲ ಕಡಲ ಮುಂಬಯಿಯ ಆಪತ್ತುಗಳಲ್ಲ, ಗುಡ್ಡದ ಬುಡದ ಮುಂಬಯಿಯವು. ಸಮತಟ್ಟಾದ ಅಗ್ಗದ ನೆಲ ಸಿಗದ ಬಡವರು ಇಳಿಜಾರಿಗೆ ಒತ್ತಲ್ಪಟ್ಟರು. ಅವರ ಜೋಪಡಿಗಳ ಮೇಲೆ ಬೀಳುವ ಮಳೆಯನ್ನು ಅಳೆಯುವ ಮಾಪಕ ಬಹುಕಾಲ ಇರಲೇ ಇಲ್ಲ. 2005ರ ನಂತರ ಪಾಲಿಕೆ ವಾರ್ಡುವಾರು ಸ್ವಯಂಚಾಲಿತ ಮಳೆಮಾಪಕಗಳನ್ನು ಹಾಕಲು ತೊಡಗಿತು. 2022ರಲ್ಲಿ ಕೊಲಾಬಾದ ಡಾಪ್ಲರ್ ರಾಡಾರ್ ಜೊತೆಗೆ ವೆರಾವಲಿಯಲ್ಲಿ ಎರಡನೆಯದೊಂದು ಬಂತು. ಇವು ದೊಡ್ಡ ಹೆಜ್ಜೆಗಳು ಎಂಬುದನ್ನು ಮನಸಾರೆ ಒಪ್ಪುತ್ತೇನೆ.

ಈ ಗುಡ್ಡದ ಮಳೆಯನ್ನು ಮೊದಲು ಲಕ್ಷ್ಯಕ್ಕೆ ತಂದವರು ಇಂಜಿನಿಯರುಗಳಲ್ಲ, ಬೌದ್ಧ ಭಿಕ್ಷುಗಳು. ಇದೇ ಕಾಡಿನೊಳಗೆ ಕಾನ್ಹೇರಿಯ ಬೌದ್ಧ ಗುಹೆಗಳು ನೂರಕ್ಕೂ ಮೇಲೆ ಇವೆ. ಅಲ್ಲಿ ಹೆಚ್ಚಿನ ಗುಹೆಗಳ ಮುಂಗಟ್ಟಿನ ಬದಿಗೆ ಬಂಡೆಯನ್ನೇ ಕೊರೆದು ಮಾಡಿದ ನೀರಿನ ತೊಟ್ಟಿ ಕಾಣುತ್ತದೆ. ಪ್ರಾಕೃತ ಶಾಸನಗಳು ಇವನ್ನು ‘ಪೋಢಿ’ ಎಂದು ಕರೆದಿವೆ, ದಾನಿಗಳ ಹೆಸರನ್ನೂ ಹೇಳಿವೆ. ಇಳಿಜಾರಿನ ಬಂಡೆಯ ಮೇಲೆ ಉಳಿಯಿಂದ ಕೊರೆದ ಬೆರಳಗಲದ ಕಾಲುವೆಗಳು ಓರೆಯಾಗಿ ಬಂದು ತೊಟ್ಟಿಯ ಬಾಯಿಗೆ ಸೇರುತ್ತವೆ. ನಾಲ್ಕು ತಿಂಗಳು ಸುರಿದು ಎಂಟು ತಿಂಗಳು ಒಣಗುವ ಹವೆಯನ್ನು ಚೆನ್ನಾಗಿ ಅರಿತವರು ಮಾತ್ರ ಹೀಗೆ ಕೊರೆಯಬಲ್ಲರು. ಈ ಗುಹೆಗಳಿಗೂ ಕನ್ನಡ ನಾಡಿಗೂ ನೇರ ನಂಟಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ ಅವನ ಮಾಂಡಲಿಕರಾದ ಕೊಂಕಣದ ಶಿಲಾಹಾರರ ಶಾಸನಗಳು ಇಲ್ಲಿವೆ, ಕಡೆಯದು ಶಕ 799ರದು, ಎಂದರೆ ಕ್ರಿ.ಶ. 877ರ ಸುಮಾರಿನದು. ‘ಕವಿರಾಜಮಾರ್ಗ’ದ ಅರಸನ ಹೆಸರು ಬೊರಿವಲಿಯ ಕಾಡಿನ ಬಂಡೆಯ ಮೇಲಿದೆ ಎಂಬುದು ಮುಂಬಯಿ ಕನ್ನಡಿಗರಿಗೆ ಇನ್ನೂ ಸಾಕಷ್ಟು ತಿಳಿದಿಲ್ಲ ಎಂಬ ಕೊರಗು ನನಗಿದೆ.

ಸುಮಾರು ಸಾವಿರ ವರ್ಷಗಳ ಮೇಲೆ ಅದೇ ಗುಡ್ಡಕ್ಕೆ ಬ್ರಿಟಿಷ್ ಆಡಳಿತವೂ ಕೈಚಾಚಿತು. 1860ರಲ್ಲಿ ವಿಹಾರ, 1879ರಲ್ಲಿ ತುಲಸಿ ಕೆರೆಗಳು ಸಿದ್ಧವಾದವು. ಊರು ಬೆಳೆದಂತೆ ಅವು ಸಾಲದೆ ತಾನ್ಸಾ, ವೈತರಣಾ, ಭಾತ್ಸಾಗಳಿಗೆ ಹೋಗಬೇಕಾಯಿತು. ಇಂದು ಏಳು ಕೆರೆಗಳ ಒಟ್ಟು ಸಂಗ್ರಹ ಸಾಮರ್ಥ್ಯ ಸುಮಾರು 14.47 ಲಕ್ಷ ದಶಲಕ್ಷ ಲೀಟರ್. ಅದರಲ್ಲಿ ನಗರದೊಳಗಿನ ವಿಹಾರ ಮತ್ತು ತುಲಸಿಯ ಪಾಲು ಶೇಕಡಾ ಎರಡೂವರೆಯಷ್ಟು. ಉಳಿದದ್ದೆಲ್ಲ ಠಾಣೆ, ಪಾಲ್ಘರ್, ನಾಶಿಕ್ ಜಿಲ್ಲೆಗಳ ಘಟ್ಟದ ಮಳೆ. ಮುಂಬಯಿಯ ಬೀದಿಯಲ್ಲಿ ಬೀಳುವ ಮಳೆಗೂ ಮುಂಬಯಿಯ ನಲ್ಲಿಗೂ ಸಂಬಂಧ ಬಹಳ ಕಡಿಮೆ. 2024ರ ಜುಲೈ 8ರ ಮುಂಜಾವಿಗೆ ಆರು ಗಂಟೆಗಳಲ್ಲಿ ಕೆಲವೆಡೆ 300 ಮಿ.ಮೀ. ಮೀರಿ ಮಳೆ ಸುರಿದು ಲೋಕಲ್ ರೈಲುಗಳು ನಿಂತವು. ಅದೇ ದಿನ ನಗರದಲ್ಲಿ ಶೇಕಡಾ ಹತ್ತರ ನೀರು ಕಡಿತ ಜಾರಿಯಲ್ಲಿತ್ತು. ಸೊಂಟದವರೆಗಿನ ನೀರಿನಲ್ಲಿ ನಡೆದು ಮನೆ ಸೇರಿದವರ ನಲ್ಲಿಯಲ್ಲಿ ನೀರು ಕಡಿಮೆ. ಇದರಲ್ಲಿ ಯಾರ ಲೆಕ್ಕವೂ ತಪ್ಪಿಲ್ಲ. ಘಟ್ಟದ ಮೋಡ ಇನ್ನೂ ತನ್ನ ಪಾಲು ಕೊಟ್ಟಿರಲಿಲ್ಲ, ಅಷ್ಟೆ. ತಿಂಗಳ ಕೊನೆಗೆ ಅದು ಕೊಟ್ಟಾಗ ಕಡಿತವೂ ಹೋಯಿತು.

ಕಾಲದ ಲೆಕ್ಕದ ಬಗ್ಗೆಯೂ ಒಂದು ಮಾತು. ಮುಂಬಯಿಗೆ ಮುಂಗಾರು ತಲುಪುವ ವಾಡಿಕೆಯ ದಿನ ಈಗ ಜೂನ್ 11, 2020ರವರೆಗೆ 10 ಇತ್ತು. ಹಿಂತಿರುಗುವ ದಿನವನ್ನು ಮಾತ್ರ ಸೆಪ್ಟೆಂಬರ್ 29ರಿಂದ ಅಕ್ಟೋಬರ್ 8ಕ್ಕೆ ತಳ್ಳಿದ್ದಾರೆ, ಅದು ಗಮನಿಸಬೇಕಾದ ಬದಲಾವಣೆ. ನಮ್ಮ ರೈತರ ಮೃಗಶಿರ ಮಳೆ ಜೂನ್ 7-8ಕ್ಕೆ ಹುಟ್ಟುತ್ತದೆ, ಮರಾಠಿ ರೈತರ ‘ಮೃಗ’ವೂ ಅದೇ. ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ ಎಂದು ಹೆಮ್ಮೆಪಡುವವರ ಮುಂದೆ ಒಂದು ಎಚ್ಚರ ಇಡಬೇಕಾಗುತ್ತದೆ. ಮಳೆನಕ್ಷತ್ರ ಎಂದರೆ ಸೂರ್ಯ ಆ ನಕ್ಷತ್ರವನ್ನು ಪ್ರವೇಶಿಸುವ ಕಾಲ. ಅಯನಚಲನೆಯಿಂದಾಗಿ ಆ ಪ್ರವೇಶ ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನ ಋತುವಿನಿಂದ ಮುಂದಕ್ಕೆ ಸರಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ ಅಮೋಘವರ್ಷನ ಕಾಲದಲ್ಲಿ ಮೃಗಶಿರ ಈಗಿಗಿಂತ ಹದಿನಾರು ದಿನದಷ್ಟು ಮೊದಲು, ಇಂದಿನ ಕ್ಯಾಲೆಂಡರಿನ ಮೇ ನಾಲ್ಕನೆಯ ವಾರದಲ್ಲಿ ಹುಟ್ಟಬೇಕು. ಆಗ ಕೊಂಕಣದ ಮುಂಗಾರಿಗೆ ಒಪ್ಪುತ್ತಿದ್ದದ್ದು ಬಹುಶಃ ಆರ್ದ್ರೆ. ಎಂದರೆ ನಕ್ಷತ್ರ ಮತ್ತು ಮಳೆಯ ಜೋಡಿ ಅನಾದಿಯಲ್ಲ, ತಲೆಮಾರುಗಳು ಕಣ್ಣಿಟ್ಟು ನೋಡಿ ತಿದ್ದಿಕೊಂಡು ಬಂದ ಜ್ಞಾನ ಅದು. ನನಗೆ ಅದರ ಬೆಲೆ ಇದರಿಂದ ಹೆಚ್ಚಾಗಿ ಕಾಣುತ್ತದೆ. 2005ರ ಜುಲೈ 26 ಬಿದ್ದದ್ದು ಪುಷ್ಯ ಮಳೆಯಲ್ಲಿ, ತುಳುವರ ಆಟಿ ತಿಂಗಳಲ್ಲಿ. ಬಿಡದೆ ಸುರಿಯುವ, ಹೊರಗೆ ಕಾಲಿಡಲಾಗದ ತಿಂಗಳೆಂದು ಹೆಸರಾದ ಆಟಿಯನ್ನು ಮುಂಬಯಿಯ ತುಳು-ಕನ್ನಡ ಸಂಘಗಳು ಈಗಲೂ ಪತ್ರೊಡೆ ಬಡಿಸಿ ನೆನೆಯುತ್ತವೆ.

2025ರಲ್ಲಿ ಈ ವಾಡಿಕೆಯೆಲ್ಲ ಪಕ್ಕಕ್ಕೆ ಸರಿಯಿತು. ಮೇ 26ಕ್ಕೇ ಮುಂಗಾರು ಮುಂಬಯಿ ಮುಟ್ಟಿತು, ವಾಡಿಕೆಗಿಂತ ಹದಿನಾರು ದಿನ ಮೊದಲು. ಕೊಲಾಬಾದ ಮೇ ತಿಂಗಳ ಮಳೆ 1918ರ ದಾಖಲೆಯನ್ನು ಮುರಿಯಿತು. ನೂರೇಳು ವರ್ಷಗಳ ಹಿಂದಿನ ಮೇ ತಿಂಗಳೊಂದಿಗೆ ಹೋಲಿಸಿ ಹೀಗೆ ಹೇಳಲು ಸಾಧ್ಯವಾದದ್ದು ಕೊಲಾಬಾದ ಪುಸ್ತಕ ಇರುವುದರಿಂದ. ಗುಡ್ಡದ ಬುಡದಲ್ಲಿ ಆ ಮೇ ಎಷ್ಟು ಅಪರೂಪದ್ದು ಎಂದು ಅಳೆಯಲು ಅಷ್ಟು ಹಳೆಯ ಪುಸ್ತಕ ಅಲ್ಲಿಲ್ಲ. ವಿಹಾರ ಮತ್ತು ತುಲಸಿಯ ಅಣೆಕಟ್ಟುಗಳಲ್ಲಿ ಪಾಲಿಕೆ ಬರೆದಿಟ್ಟ ಮಳೆ ಲೆಕ್ಕದ ಹಳೆಯ ಪುಸ್ತಕಗಳು ಸಿಕ್ಕಷ್ಟೂ ಪ್ರಕಟವಾಗಬೇಕು. ಗುಡ್ಡದ ಹವೆಗೆ ಒಂದು ದೀರ್ಘ ದಾಖಲೆ ಕಟ್ಟಬಹುದಾದರೆ ಅದು ಅವುಗಳಿಂದಲೇ.

ಎರಡು ಜಾಗಗಳ ದಾಖಲೆಗಳನ್ನು ಜೋಡಿಸಲು ಮಾದರಿ ಬೇಕಿದ್ದರೆ ಮುಂಬಯಿಯಲ್ಲೇ ಇದೆ. ಟ್ರಾಮುಗಳಿಗೆ ವಿದ್ಯುತ್ ಬರುವುದೆಂದಾಗ ಕೊಲಾಬಾದ ಭೂಕಾಂತ ಮಾಪಕಗಳು ಕೆಡುವುದು ಖಚಿತವಾಯಿತು. ಮೂಸ್ ಅವರು ಆ ಕೆಲಸವನ್ನು ಕೊಲ್ಲಿಯಾಚೆಯ ಅಲಿಬಾಗ್‌ಗೆ ಒಯ್ದರು. 1904ರಿಂದ 1906ರವರೆಗೆ ಎರಡೂ ಕಡೆ ಏಕಕಾಲಕ್ಕೆ ಅಳೆದು, ಅಂತರವನ್ನು ನಿಶ್ಚಯಿಸಿಕೊಂಡ ಮೇಲೆಯೇ ಕೊಲಾಬಾದಲ್ಲಿ ನಿಲ್ಲಿಸಿದರು. ಅದರಿಂದಾಗಿ ಇಂದಿಗೂ ಆ ದಾಖಲೆ ಮುರಿಯದ ಸರಣಿಯಾಗಿ ಉಳಿದಿದೆ. 2025ರ ಅಕ್ಟೋಬರ್‌ನಲ್ಲಿ ಪನ್ವೇಲ್ ಬಳಿ ನವಿ ಮುಂಬಯಿಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ವಿಮಾನ ಇಳಿಯುವ ಕಡೆ ಹವೆಯ ಅಳತೆ ಇರಲೇಬೇಕು. ಅಲ್ಲಿ ಮಾಥೆರಾನ್‌ನ ಬೆಟ್ಟಸಾಲು ಸಾಂತಾಕ್ರೂಜ್‌ಗಿಂತ ಹೆಚ್ಚು ಹತ್ತಿರ, ತೆರೆದ ಕಡಲು ಹೆಚ್ಚು ದೂರ. ಅಲ್ಲಿ ಹುಟ್ಟುವ ಅಂಕಿಗಳನ್ನು ‘ಮುಂಬಯಿ’ ಎಂಬ ಅದೇ ತಲೆಬರಹದಡಿ ಸೇರಿಸುವ ಮೊದಲು ಮೂಸ್ ಮಾಡಿದಂತೆ ಕೆಲವು ಮಳೆಗಾಲ ಮೂರನ್ನೂ ಸಾಲಾಗಿ ಇಟ್ಟು ನೋಡಬೇಕು. ಅಲ್ಲಿಯವರೆಗೆ ಪ್ರತಿ ಅಂಕಿಯ ಮುಂದೆ ಕೊಲಾಬಾ, ಸಾಂತಾಕ್ರೂಜ್ ಅಥವಾ ಪನ್ವೇಲ್ ಎಂದೂ, ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಎಂದೂ ಬರೆಯುವುದನ್ನು ಕನ್ನಡ ಪತ್ರಿಕೆಗಳು ಈ ಮಳೆಗಾಲದಿಂದಲೇ ಆರಂಭಿಸಬಹುದು.